ಅಪ್ಪುಗೆಯ ಪದಗಳು, ಮುಟ್ಟಿನ ಲೆಕ್ಕ

ಕನ್ನಡದಲ್ಲಿ ‘ಹಗ್’ ಎಂಬುದಕ್ಕೆ ಪದವೇ ಇಲ್ಲ, ಅದಕ್ಕೇ ನಾವು ಮನೆಯವರನ್ನು ಅಪ್ಪಿಕೊಳ್ಳುವುದಿಲ್ಲ ಎಂಬ ಮಾತು ಈಚೆಗೆ ಪದೇ ಪದೇ ಕಿವಿಗೆ ಬೀಳುತ್ತದೆ. ‘ಅಪ್ಪು’ ಎಂಬ ಪದದ ಸಹಾಯವಿಲ್ಲದೆ ಈ ದೂರನ್ನು ಹೇಳಲೂ ಆಗದು ಎಂಬುದನ್ನು ಹೇಳುವವರು ಗಮನಿಸಿದಂತಿಲ್ಲ. ತಬ್ಬು, ಅವಚು, ಮುದ್ದಿಸು, ಮುಂಡಾಡು, ನೇವರಿಸು, ಮೈದಡವು: ನಮ್ಮಲ್ಲಿ ಪದಗಳಿಗೆ ಬರವಿಲ್ಲ.

ತೊಡಕಿರುವುದು ಈ ಪದಗಳ ಹಂಚಿಕೆಯಲ್ಲಿ. ಮುದ್ದಿಸುವುದು, ಮುಂಡಾಡುವುದು ಮಗುವಿಗೆ. ಆಲಿಂಗನ, ಚುಂಬನ ಪ್ರಣಯಿಗಳಿಗೆ. ಇಪ್ಪತ್ತೈದರ ಮಗ ಮತ್ತು ಅರವತ್ತರ ಅಪ್ಪನ ನಡುವೆ ಯಾವ ಪದ? ಅಲ್ಲಿ ಅಪ್ಪ ಮಗನ ಬ್ಯಾಗು ಹೊತ್ತು ಬಸ್‌ಸ್ಟ್ಯಾಂಡಿನವರೆಗೆ ಬರುತ್ತಾನೆ, ಅಷ್ಟೆ. ‘ಹಗ್’ ಬಂದು ಕೂತದ್ದು ಈ ತೆರವಾದ ಜಾಗದಲ್ಲಿ. ಇಂಗ್ಲಿಷಿನಿಂದ ಬರುವ ಕತೆಗಳ ಕನ್ನಡದಲ್ಲಿ ಅಪ್ಪ ಮಗನನ್ನು ‘ಆಲಿಂಗಿಸಿದಾಗ’ ಓದುಗರಿಗೆ ಇರುಸುಮುರುಸಾಗುವುದೂ ಇದರಿಂದಲೇ.

ಯಾವ ಸ್ಪರ್ಶಕ್ಕೆ ಹೆಸರು ಕೊಡಬೇಕು ಎಂಬುದನ್ನು ಒಂದೊಂದು ಸಮಾಜ ಒಂದೊಂದು ರೀತಿ ತೀರ್ಮಾನಿಸುತ್ತದೆ. ಪ್ರೀತಿಪಾತ್ರರ ತಲೆಗೂದಲಲ್ಲಿ ಬೆರಳಾಡಿಸುವುದಕ್ಕೆ ಬ್ರೆಜಿಲ್ಲಿನ ಪೋರ್ಚುಗೀಸಿನಲ್ಲಿ ‘ಕಫುನೆ’ ಎಂಬ ಒಂದೇ ಪದವಿದೆ. ಇಂಡೋನೇಷ್ಯಾದ ಭಾಷೆಯಲ್ಲಿ ‘ಚಿಯುಮ್’ ಎಂದರೆ ಮುತ್ತಿಡುವುದೂ ಹೌದು, ಮೂಸುವುದೂ ಹೌದು. ಇದು ನಮಗೆ ತೀರಾ ಹೊಸದೇನಲ್ಲ. ವಾಲ್ಮೀಕಿ ರಾಮಾಯಣದ ಬಾಲಕಾಂಡದಲ್ಲಿ ವಿಶ್ವಾಮಿತ್ರನ ಜೊತೆ ಕಳಿಸುವ ಮುನ್ನ ದಶರಥ ರಾಮನ ನೆತ್ತಿಯನ್ನು ಮೂಸುತ್ತಾನೆ. ಅಂದರೆ ಬೆಳೆದ ಮಗನನ್ನು ತಂದೆ ಮುಟ್ಟುವ ರೀತಿಯೊಂದು ನಮ್ಮ ಕಾವ್ಯದ ನೆನಪಿನಲ್ಲಿತ್ತು; ಮನೆಗಳಲ್ಲಿ ಅದು ಉಳಿದಿಲ್ಲ.

‘ನಾವು ಪ್ರೀತಿಯನ್ನು ಊಟ ಬಡಿಸಿ ತೋರಿಸುವವರು’ ಎಂಬ ಸಮಾಧಾನ ಇಲ್ಲಿ ಸಿದ್ಧವಾಗಿರುತ್ತದೆ. ಅದರಲ್ಲಿ ನಿಜವಿದೆ. ಆದರೆ ಅದು ಇನ್ನೊಂದು ನಿಜವನ್ನು ಮುಚ್ಚುತ್ತದೆ. ಕನ್ನಡದ ಅತಿ ಸರಳ ಸ್ಪರ್ಶಪದ ‘ಮುಟ್ಟು’. ಅದೇ ಪದ ಹೆಣ್ಣನ್ನು ತಿಂಗಳಿಗೆ ಮೂರು ದಿನ ಹೊರಗೆ ಕೂರಿಸಿದೆ. ಅದೇ ಪದದ ನಿರಾಕರಣೆ ಊರಾಚೆಯ ಕೇರಿಗಳನ್ನು ಕಟ್ಟಿದೆ. ಮಡಿಯಲ್ಲಿರುವ ಅಜ್ಜಿ ಓಡಿಬಂದ ಮೊಮ್ಮಗುವಿಗೂ ‘ಮುಟ್ಟಬೇಡ’ ಅನ್ನುತ್ತಾಳೆ. ಇಂಥ ಮನೆಯಲ್ಲಿ ಮುಟ್ಟದಿರುವುದನ್ನು ಬರೀ ಸಂಕೋಚ ಎಂದು ಕರೆಯಲು ನನಗೆ ಸಾಧ್ಯವಾಗುವುದಿಲ್ಲ.

ಅನಂತಮೂರ್ತಿಯವರ ‘ಭಾರತೀಪುರ’ (1973) ಇದನ್ನು ಬಲ್ಲ ಕಾದಂಬರಿ. ಜಗನ್ನಾಥ ಮನೆದೇವರ ಸಾಲಿಗ್ರಾಮವನ್ನು ದಲಿತರಿಂದ ಮುಟ್ಟಿಸಲು ಹೊರಡುತ್ತಾನೆ. ಅವರು ಹಿಂಜರಿಯುತ್ತಾರೆ, ಅವನು ಗದರುತ್ತಾನೆ, ಗದರಿಕೆಗೆ ಅಂಜಿ ಮುಟ್ಟುತ್ತಾರೆ. ಮುಟ್ಟಿದ್ದಾಯಿತು, ಹತ್ತಿರವಾದದ್ದು ಮಾತ್ರ ಏನೂ ಇಲ್ಲ. ಕ್ರಾಂತಿಯ ಸೋಲಿನ ಕತೆಯೆಂದು ಓದುವ ಈ ಭಾಗವನ್ನು ಸ್ಪರ್ಶದ ಕತೆಯಾಗಿಯೂ ಓದಬೇಕು: ಮುಟ್ಟು ಎಂದು ಅಪ್ಪಣೆ ಕೊಡಬಹುದು, ಅಕ್ಕರೆಯನ್ನು ಅಪ್ಪಣೆಯಿಂದ ತರಿಸಲಾಗದು.

ಹಾಗಾಗಿ ‘ಹಗ್’ ಕನ್ನಡಕ್ಕೆ ಬಂದರೆ ನನ್ನ ತಕರಾರಿಲ್ಲ. ಆ ಹೊಸ ಪದ ಯಾರ ಯಾರ ನಡುವೆ ಓಡಾಡುತ್ತದೆ, ಯಾವ ಹೊಸಿಲಿನ ಬಳಿ ನಿಂತುಬಿಡುತ್ತದೆ ಎಂಬುದನ್ನು ನೋಡುತ್ತಿರಬೇಕು.