ಛಾಗ್ಲಾ ಬರೆದ ತೀರ್ಪು, ಛಾಗ್ಲಾ ಆಡಿದ ಮಾತು

1956ರಲ್ಲಿ ಕರ್ನಾಟಕದ ಏಕೀಕರಣವಾಗುವ ತನಕ ರೋಣ ತಾಲ್ಲೂಕಿನ ಮುಶಿಗೇರಿ ಮುಂಬಯಿ ರಾಜ್ಯದಲ್ಲಿತ್ತು. ಅಲ್ಲಿಯ ಹೊಲಮನೆಯ ವ್ಯಾಜ್ಯ ಹೈಕೋರ್ಟಿಗೇರಿದರೆ ಮುಂಬಯಿಗೇ ಹೋಗಬೇಕಿತ್ತು. 1947ರಿಂದ ಅಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಎಂ.ಸಿ. ಛಾಗ್ಲಾ. ಅಷ್ಟು ದೊಡ್ಡ ಪದವಿಗೇರಿದ ಮುಸ್ಲಿಮನನ್ನು ನಮ್ಮ ಸಮುದಾಯ ಅಭಿಮಾನದಿಂದ ನೆನೆದದ್ದು ಕಡಿಮೆ. ಸಮಾನ ನಾಗರಿಕ ಸಂಹಿತೆ ಬೇಕೆಂದವರು, ಶಿಕ್ಷಣ ಸಚಿವರಾಗಿ 1965ರಲ್ಲಿ ಅಲಿಗಢ ವಿಶ್ವವಿದ್ಯಾಲಯದ ಸ್ವಾಯತ್ತತೆಗೆ ಕತ್ತರಿ ಹಾಕಿದವರು, 1981ರಲ್ಲಿ ತೀರಿಕೊಂಡಾಗ ದಫನದ ಬದಲು ದಹನವಾಗಬಯಸಿದವರು.

ಅವರ ಆತ್ಮಕಥೆ 'ರೋಸಸ್ ಇನ್ ಡಿಸೆಂಬರ್' (1973) ಕೋರ್ಟು, ರಾಯಭಾರ, ಮಂತ್ರಿಮಂಡಲಗಳ ಲೋಕದ್ದು. ಜಿನ್ನಾರ ಕೈಕೆಳಗೆ ವಕೀಲಿ ಕಲಿತು, 1928ರ ನೆಹರೂ ವರದಿಯ ವಿಷಯದಲ್ಲಿ ಅವರಿಂದ ದೂರವಾದವರ ಕಥೆ ಅದು. ತನ್ನನ್ನು ಮುಸ್ಲಿಮನೆಂದಲ್ಲ, ಭಾರತೀಯನೆಂದು ನೋಡಿರಿ ಎಂಬುದು ಅವರ ಬದುಕಿನ ಹಟ. ಆದರೆ ಹೊಗಳಿದವರೂ ತೆಗಳಿದವರೂ ಅವರಲ್ಲಿ ಮೊದಲು ಕಂಡದ್ದು ಮುಸ್ಲಿಮನನ್ನೇ. ಅಮೆರಿಕದ ಕಪ್ಪು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸರ ಸಂಕಟವೂ ಇಂಥದೇ. ಯೇಲ್‌ನ ಪದವಿಯನ್ನು ಜನ ಬಣ್ಣದ ಕೃಪೆಯೆಂದು ಕಾಣುತ್ತಾರೆಂದು ನೊಂದು, ಅದರ ಚೌಕಟ್ಟಿಗೆ 15 ಸೆಂಟಿನ ಬೆಲೆಚೀಟಿ ಅಂಟಿಸಿದವರು ಅವರು. ಜನಾಂಗ ನೋಡಿ ಕಾಲೇಜು ಪ್ರವೇಶ ಕೊಡುವುದನ್ನು 2023ರಲ್ಲಿ ರದ್ದುಗೊಳಿಸಿದ ತೀರ್ಪಿಗೆ ಅವರ ಸಹಮತವಿತ್ತು.

ಥಾಮಸ್ ತಮ್ಮ ನಂಬಿಕೆಯನ್ನೇ ತೀರ್ಪಾಗಿ ಬರೆದರು. ಛಾಗ್ಲಾರದು ಹಾಗಲ್ಲ. 1946ರ ಮುಂಬಯಿ ಕಾಯ್ದೆ ಹಿಂದೂಗಳ ಬಹುಪತ್ನಿತ್ವವನ್ನು ಮಾತ್ರ ಅಪರಾಧವಾಗಿಸಿತ್ತು. ಮುಶಿಗೇರಿಗೂ ಅದು ಅನ್ವಯ. ಒಂದೇ ಓಣಿಯಲ್ಲಿ ಸವತಿ ಬಂದ ಹಿಂದೂ ಹೆಣ್ಣುಮಗಳಿಗೆ ಕಾನೂನಿನ ಬಾಗಿಲಿತ್ತು, ಮುಸ್ಲಿಂ ಹೆಣ್ಣುಮಗಳಿಗೆ ಇರಲಿಲ್ಲ. ಇದು ತಾರತಮ್ಯವೆಂಬ ವಾದ ನರಸು ಅಪ್ಪಾ ಮಾಳಿ ಪ್ರಕರಣದಲ್ಲಿ 1951ರಲ್ಲಿ ಛಾಗ್ಲಾ ಮತ್ತು ಗಜೇಂದ್ರಗಡಕರರ ಮುಂದೆ ಬಂತು. (ಎರಡನೆಯವರ ಅಡ್ಡಹೆಸರಿನಲ್ಲೇ ನಮ್ಮ ಗಜೇಂದ್ರಗಡವಿದೆ!) ಸುಧಾರಣೆ ಹಂತಹಂತವಾಗಿ, ಸಮುದಾಯವಾರು ಬರಬಹುದು, ವೈಯಕ್ತಿಕ ಕಾನೂನು ಸಂವಿಧಾನದ 13ನೇ ವಿಧಿಯ ವ್ಯಾಪ್ತಿಗೆ ಬರುವುದಿಲ್ಲ ಎಂದಿತು ಪೀಠ. ಮುಂದೆ ಸಮಾನ ಸಂಹಿತೆ ಸರಕಾರದ ಕರ್ತವ್ಯವೆಂದು ವಾದಿಸಿದ ಅದೇ ಛಾಗ್ಲಾರ ತೀರ್ಪು, ಮುಸ್ಲಿಂ ವೈಯಕ್ತಿಕ ಕಾನೂನಿಗೆ ಗುರಾಣಿಯಾಯಿತು. 2017ರ ತ್ರಿವಳಿ ತಲಾಖ್ ಪ್ರಕರಣದಲ್ಲೂ ಅದರ ಚರ್ಚೆ ನಡೆಯಿತು.

ಸಮುದಾಯ ಸಿದ್ಧವಾಗಲಿ ಎಂದು ಕಾದ ನ್ಯಾಯಾಧೀಶ ಛಾಗ್ಲಾ ನಮಗೆ ಹತ್ತಿರ. ಸಿದ್ಧಗೊಳಿಸಲು ಸಮುದಾಯದ ನಡುವೆ ಬಂದು ಕೂರದ ಛಾಗ್ಲಾರ ಬಗ್ಗೆ ನಮಗೆ ತಕರಾರಿದೆ. ಆದರೆ ಆ ಗುರಾಣಿಯ ಹಿಂದೆ ನಿಂತವರು ಓಣಿಯ ಆ ಹೆಣ್ಣುಮಗಳಿಗೆ ಏನು ಕೊಟ್ಟರು? ಅವಳು ಪ್ರಶ್ನೆ ಕೇಳಿದಾಗಲೆಲ್ಲ ಅದು ಛಾಗ್ಲಾ ಭಾಷೆಯೆಂದು ಬಾಯಿ ಮುಚ್ಚಿಸಿದ್ದೇ ಹೆಚ್ಚು. ಅವಳು ಕೇಳಿದ್ದು ಜೀವನಾಂಶವನ್ನು, ಸಂಹಿತೆಯನ್ನಲ್ಲ.