ಸೆಕಿಗಹರ: ಮೇಜಿನ ಮೇಲಣ ಯುದ್ಧದಲ್ಲಿ ನಿಷ್ಠೆಯ ಪ್ರಶ್ನೆ

ಕಿರುಬೊಂಬೆಗಳನ್ನು ಮೇಜಿನ ಮೇಲೆ ವ್ಯೂಹಗಟ್ಟಿ ನಿಲ್ಲಿಸಿ, ನಡೆಯನ್ನು ಅಳತೆಗೋಲಿನಿಂದಲೂ ಹೊಡೆತದ ಫಲವನ್ನು ದಾಳದಿಂದಲೂ ನಿರ್ಣಯಿಸುವ ಯುದ್ಧಕ್ರೀಡೆಯು ಇತಿಹಾಸದ ಒಂದು ಬಗೆಯ ವ್ಯಾಖ್ಯಾನವೇ ಆಗಿರುವುದರಿಂದ ವಿಮರ್ಶೆಗೆ ಅರ್ಹವಾಗಿದೆ. ಜಪಾನಿನ ಸೆಕಿಗಹರ ಯುದ್ಧವು (1600) ಇದಕ್ಕೆ ತಕ್ಕ ಒರೆಗಲ್ಲು.

ಅಂದು ತೊಕುಗವ ಇಯೆಯಾಸುವಿನ ಪೂರ್ವಸೇನೆಯೂ ಇಶಿದ ಮಿತ್ಸುನರಿಯ ಪಶ್ಚಿಮಸೇನೆಯೂ ಎದುರಾದುವು. ಪಶ್ಚಿಮಪಕ್ಷದ ಕೊಬಯಕವ ಹಿದೆಯಾಕಿಯು ಮತ್ಸುವೊ ಬೆಟ್ಟದಿಂದಿಳಿದು ಸ್ವಪಕ್ಷದ ಮೇಲೆಯೇ ಬಿದ್ದನು. ನಂಗು ಬೆಟ್ಟದಲ್ಲಿದ್ದ ಮೋರಿ ಮನೆತನದ ಸೇನೆಯು, ಕಿಕ್ಕವ ಹಿರೊಯಿಯೆಯು ಶತ್ರುವಿನೊಡನೆ ಮೊದಲೇ ಮಾಡಿಕೊಂಡಿದ್ದ ಒಡಂಬಡಿಕೆಯಿಂದಾಗಿ, ಕದಲಲಿಲ್ಲ. ಒಂದೇ ದಿನದಲ್ಲಿ ಯುದ್ಧವು ಮುಗಿಯಿತು.

ಮೇಜಿನ ಬೊಂಬೆಯಾದರೋ ಆಟಗಾರನ ಕೈಗೆ ಎದುರಾಡದು. ದ್ರೋಹವನ್ನು ಮೊದಲೇ ಗೊತ್ತುಮಾಡಿದರೆ ಮಿತ್ಸುನರಿಯ ಪರವಾಗಿ ಆಡುವವನು ಎಚ್ಚತ್ತಿರುತ್ತಾನೆ. ಕೇವಲ ದಾಳಕ್ಕೆ ಬಿಟ್ಟರೆ, ಲೆಕ್ಕಹಾಕಿ ಮಾಡಿದ ದ್ರೋಹವು ಆಕಸ್ಮಿಕದಂತೆ ತೋರುತ್ತದೆ. ಬೊಂಬೆಗಳಿಗೆ ಬದಲಾಗಿ ಮರದ ತುಂಡುಗಳಿಂದ ಆಡುವ, 2011ರಲ್ಲಿ ಪ್ರಕಟವಾದ 'ಸೆಕಿಗಹರ' ಎಂಬ ಆಟದಲ್ಲಿ ಇದಕ್ಕಿಂತ ಮೇಲಾದ ಉಪಾಯವಿದೆ. ಅಲ್ಲಿ ಮನೆತನಗಳ ನಿಷ್ಠೆಯು ಆಟಗಾರನು ಮರೆಯಾಗಿ ಹಿಡಿದ ಎಲೆಗಳಲ್ಲಿರುತ್ತದೆ; ತಕ್ಕ ಎಲೆಯಿಲ್ಲದಿದ್ದರೆ ತುಕಡಿಯು ಕಾದದು, ಎದುರಾಳಿಯು ಪರೀಕ್ಷೆಯೊಡ್ಡಿದಾಗ ಪಕ್ಷವನ್ನೂ ಬದಲಿಸೀತು.

ಬೊಂಬೆಗಳ ಕವಚಧ್ವಜಗಳು ಯಥಾರ್ಥವಾಗಿದ್ದರೆ ಸಾಲದು. ಸೇನಾನಾಯಕನನ್ನು ಕಾಡಿದ ಸಂಶಯವೂ ಆಟದೊಳಗೆ ಬರಬೇಕು. ನಿಯಮಗಳನ್ನು ರಚಿಸುವವರು ಇದನ್ನು ಗಮನಿಸುವುದು ಉಚಿತ.