ರಾಗಿ ಅಂತ ಬರೆಯಲು ನಾಚಿಕೆ ಯಾಕೆ?

ಹೋಟೆಲ್ ಊಟದ ಬಗ್ಗೆ ಬರೆಯುವಾಗ ರುಚಿಯಿಂದ ಶುರು ಮಾಡುವುದು ರೂಢಿ. ಈ ಸಲ ಮೆನು ಕಾರ್ಡಿನ ಒಂದು ಸಾಲಿನಿಂದ ಶುರು ಮಾಡ್ತೀನಿ. ಬೆಂಗಳೂರಿನ ಒಂದು ಇಥಿಯೋಪಿಯನ್ ಹೋಟೆಲಿನಲ್ಲಿ ಇಂಜೆರಾ ಅನ್ನೋ ಹೆಸರಿನ ಮುಂದೆ 'ಅಪ್ಪಟ ಟೆಫ್' ಅಂತ ಬರೆದಿತ್ತು.

ಟೆಫ್ ಅಂದ್ರೆ ಸಾಸಿವೆಗಿಂತ ಸಣ್ಣ ಕಾಳಿನ ಧಾನ್ಯ. ಅದರ ಹಿಟ್ಟನ್ನು ಕೆಲವು ದಿನ ಹುಳಿ ಬರಿಸಿ, ಅಗಲವಾದ ಹಂಚಿನ ಮೇಲೆ ಹುಯ್ದು, ಒಂದೇ ಮಗ್ಗುಲು ಬೇಯಿಸಿದರೆ ಇಂಜೆರಾ. ಮೈತುಂಬ ತೂತು. ತಟ್ಟೆಯೂ ಅದೇ, ಚಮಚವೂ ಅದೇ. ಅದರ ಮೇಲೆ ಪಲ್ಯ, ಗೊಜ್ಜು ಬಡಿಸ್ತಾರೆ. ಸುತ್ತ ಕೂತವರೆಲ್ಲ ಒಂದೇ ತಟ್ಟೆಯಿಂದ ಬಲಗೈಲಿ ಹರಿದು ತಿನ್ನಬೇಕು.

ನಾವು ಮೂವರಿದ್ದೆವು. ಚಾಮರಾಜನಗರದವರು ಇಬ್ಬರು, ಗುಂಡ್ಲುಪೇಟೆ ಕಡೆಯವನು ಒಬ್ಬ. ಗುಂಡ್ಲುಪೇಟೆಯವನು ಮೊದಲ ತುತ್ತಿಗೆ "ಹುಳಿ ಬಂದಿರ ದ್ವಾಸ ಕನ ಇದು" ಅಂದ. ಎರಡನೇ ತುತ್ತಿಗೆ ಅಗಿಯೋದು ನಿಲ್ಲಿಸಿ, "ಅಲ್ಲ ಕನ, ರಾಗಿ!" ಅಂದ. ಬಡಿಸುವ ಹುಡುಗನನ್ನು ಕೇಳಿದರೆ ಮೆಲ್ಲಗೆ ಒಪ್ಪಿಕೊಂಡ: ಟೆಫ್ ತರಿಸೋದು ದುಬಾರಿ, ಅದಕ್ಕೇ ರಾಗಿಗೆ ಒಂದಿಷ್ಟು ಮೈದಾ ಬೆರೆಸ್ತಾರಂತೆ.

ಈಗ ರುಚಿ. ಶಿರೋ ಚೆನ್ನಾಗಿತ್ತು. ಕಡಲೆ ಹಿಟ್ಟಿನ ಗಟ್ಟಿ ಸಾರು ಅದು. ಖಾರ ನಾಲಿಗೆ ಮೇಲೆ ಗೊತ್ತಾಗೋದಿಲ್ಲ, ನುಂಗಿದ ಮೇಲೆ ಕಿವಿ ಬಿಸಿಯಾಗುತ್ತೆ. ಕೆಂಪು ಬೇಳೆಯ ಮಿಸಿರ್‌ನಲ್ಲಿ ಈರುಳ್ಳಿ ಹಲ್ಲಿಗೆ ಸಿಗ್ತಿತ್ತು. ಈ ಅಡುಗೆಯಲ್ಲಿ ಈರುಳ್ಳಿಯನ್ನು ಎಣ್ಣೆ ಹಾಕೋಕೆ ಮುಂಚೆಯೇ ಸಣ್ಣ ಉರಿಯಲ್ಲಿ ಕರಗುವವರೆಗೂ ಬಾಡಿಸಬೇಕು. ಇಲ್ಲಿ ಅವಸರ ಮಾಡಿದ್ದಾರೆ. ಗೋಮೆನ್ ಅನ್ನೋ ಸೊಪ್ಪಿನ ಪಲ್ಯ ಉಪ್ಪೆಸ್ರು ಉಂಡು ಬೆಳೆದ ನಾಲಿಗೆಗೆ ಸಪ್ಪೆ. ಇಂಜೆರಾ ಮೈದಾದಿಂದಾಗಿ ರಬ್ಬರಿನ ಹಾಗೆ ಎಳೀತಿತ್ತು. ರಾಗಿಯದ್ದೇನೂ ತಪ್ಪಿರಲಿಲ್ಲ.

ನನ್ನ ತಕರಾರು ಇರೋದು ಆ ರಾಗಿಯನ್ನು ಬಚ್ಚಿಟ್ಟಿದ್ದಕ್ಕೆ. ರಾಗಿ ಹುಟ್ಟಿದ್ದೇ ಇಥಿಯೋಪಿಯಾದಿಂದ ಉಗಾಂಡಾವರೆಗಿನ ಪೂರ್ವ ಆಫ್ರಿಕಾದ ಎತ್ತರದ ಸೀಮೆಯಲ್ಲಿ. ನಮ್ಮ ಹೊಲಕ್ಕೆ ಅದು ಬಂದದ್ದು ಆಮೇಲೆ. ಅಂಹರಿಕ್ ಭಾಷೆಯಲ್ಲಿ ಅದಕ್ಕೆ 'ಡಗುಸಾ' ಅಂತಾರೆ. ಡಗುಸಾದಿಂದ ಅಲ್ಲಿಯ ಮನೆಗಳಲ್ಲೂ ಇಂಜೆರಾ ಹುಯ್ಯುತ್ತಾರೆ. ನಮ್ಮ ಹುಚ್ಚೆಳ್ಳಿನ ಕಥೆಯೂ ಅಷ್ಟೆ. ಅದರ ಶಾಸ್ತ್ರೀಯ ಹೆಸರಿನಲ್ಲೇ 'ಅಬಿಸಿನಿಕಾ' ಅಂತಿದೆ. ಅಬಿಸಿನಿಯಾ ಅಂದ್ರೆ ಇಥಿಯೋಪಿಯಾದ ಹಳೇ ಹೆಸರು. ನಾವು ಹುಚ್ಚೆಳ್ಳು ಹುರಿದು ಚಟ್ನಿಪುಡಿ ಮಾಡ್ತೀವಿ. ಅಲ್ಲಿಯ ಆರ್ಥೊಡಾಕ್ಸ್ ಕ್ರೈಸ್ತರು ಬುಧವಾರ, ಶುಕ್ರವಾರದ ಉಪವಾಸಗಳಲ್ಲಿ ಮಾಂಸ, ಹಾಲು, ಬೆಣ್ಣೆ ಬಿಟ್ಟಾಗ ಅಡುಗೆಗೆ ಬಳಸೋ ಎಣ್ಣೆಗಳಲ್ಲಿ ಹುಚ್ಚೆಳ್ಳೆಣ್ಣೆಯೂ ಒಂದು. ಅಂದಮೇಲೆ 'ಡಗುಸಾ, ಅಂದ್ರೆ ರಾಗಿ ಇಂಜೆರಾ' ಅಂತ ಬರೆದಿದ್ದರೆ ಸುಳ್ಳೂ ಇರ್ತಿರಲಿಲ್ಲ, ಗಿರಾಕಿಗೆ ಒಂದು ಹೊಸ ವಿಷಯವೂ ಸಿಗ್ತಿತ್ತು. ಹೋಟೆಲಿನವರು ಲೆಕ್ಕ ಹಾಕಿದ್ದು ಬೇರೆ: ಟೆಫ್ ಅಂದ್ರೆ ಜನ ದುಡ್ಡು ಕೊಡ್ತಾರೆ, ರಾಗಿ ಅಂದ್ರೆ ಚೌಕಾಸಿ ಮಾಡ್ತಾರೆ.

ಈ ಲೆಕ್ಕವನ್ನು ಅವರಿಗೆ ಕಲಿಸಿದವರು ನಾವೇ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷ ಅಂತ ಸಾರಿದಾಗ ಚಪ್ಪಾಳೆ ಹೊಡೆದೆವು. ಗುಂಡ್ಲುಪೇಟೆ ದಾಟಿ ಊಟಿಗೆ ಹೋಗೋ ರಸ್ತೆಯಲ್ಲಿ ಬೋರ್ಡುಗಳನ್ನು ಓದ್ತಾ ಹೋಗಿ: ಗೋಬಿ ಮಂಚೂರಿಗೆ ದಪ್ಪಕ್ಷರ, ನಾರ್ತ್ ಇಂಡಿಯನ್‌ಗೆ ದಪ್ಪಕ್ಷರ. ಹಿಟ್ಟು, ಉಪ್ಪೆಸ್ರು ಹುಡುಕಬೇಕು. ನಮ್ಮೂರಲ್ಲಿ ಮುದ್ದೆಗೆ ಈಗಲೂ 'ಹಿಟ್ಟು' ಅಂತಾರೆ ಅನ್ನೋದೇ ಕಾರಲ್ಲಿ ಬಂದವರಿಗೆ ಗೊತ್ತಾಗೋದಿಲ್ಲ.

ಹೊಸ ಅಡುಗೆ ತಿಂದು "ಅಯ್ಯೋ, ನಮ್ಮ ದ್ವಾಸೆ ಥರಾನೇ" ಅಂತ ಎದ್ದು ಬರೋದು ಸುಲಭ. ಹಾಗಂದರೆ ಆ ಅಡುಗೆಗೂ ಮರ್ಯಾದೆ ಇಲ್ಲ, ದ್ವಾಸೆಗೂ ಇಲ್ಲ. ಇಂಜೆರಾದ ಹುಳಿ ಬೇರೆ, ಒಂದೇ ತಟ್ಟೆಗೆ ಮೂರು ಕೈ ಹಾಕೋ ಸಲಿಗೆ ಬೇರೆ. ಕಾಳು ಮಾತ್ರ ಹಳೇ ನೆಂಟ.

ಶಿರೋಗಾಗಿ ಹೋಗಿ. ಇಬ್ಬರಿದ್ದರೆ ಒಂದೇ ತಟ್ಟೆ ಸಾಕು. ಹೋಟೆಲಿನವರಿಗೆ ನನ್ನದು ಎರಡೇ ಸಲಹೆ: ಮೈದಾ ಬಿಡಿ, ರಾಗಿ ಅಂತ ಬರೆಯಿರಿ. ರೇಟು ಬೇಕಾದ್ರೆ ಇಷ್ಟೇ ಇರಲಿ.